ಶೀಟಿನ ಮಾಡು ಹಾರುವುದೇಕೆ

ಕರಾವಳಿಯಲ್ಲಿ ತಾರಸಿ ಮನೆ ಕಟ್ಟಿದ ನಾಲ್ಕೈದು ವರ್ಷಕ್ಕೆ ಅದರ ಮೇಲೊಂದು ಶೀಟಿನ ಮಾಡು (ಚಾವಣಿ) ಏಳುವುದು ಈಗ ಮಾಮೂಲು. ತಾರಸಿ ಸೋರುತ್ತದೆ, ಏಪ್ರಿಲ್ ಸೆಕೆಗೆ ಕೆಳಗಿನ ಕೋಣೆಯಲ್ಲಿ ಮಲಗಲಾಗುವುದಿಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗ ಬೇಕು. ಯೋಚನೆ ಸರಿಯೇ. ಸ್ಲ್ಯಾಬಿಗೂ ಶೀಟಿಗೂ ನಡುವೆ ಏಳೆಂಟು ಅಡಿ ಗಾಳಿ ಆಡುವ ಜಾಗ ಸಿಕ್ಕರೆ ಬಿಸಿಲು ಸ್ಲ್ಯಾಬಿಗೆ ತಾಗುವುದೇ ಇಲ್ಲ. ಕೆಡುವುದು ಆ ಮಾಡಿನ ಓರೆಯಲ್ಲಿ ಮತ್ತು ಕಂಬದ ಬುಡದಲ್ಲಿ.

ಬಿರುಗಾಳಿಗೆ ಮಾಡು ಕುಸಿದೀತೆಂದು ಜನ ಹೆದರುತ್ತಾರೆ. ಆಗುವುದು ಉಲ್ಟಾ: ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಮಂಗಳೂರಿಗೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ಸೆಕೆಂಡಿನ ಆ ವೇಗವನ್ನು ವರ್ಗ ಮಾಡಿ 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಬರುತ್ತದೆ: ಚದರ ಮೀಟರಿಗೆ 913, ಅಂದರೆ ಸುಮಾರು 93 ಕಿಲೊ ಭಾರ. ಇದರಲ್ಲಿ ಎಷ್ಟು ಪಾಲು ಮಾಡನ್ನು ಎತ್ತುತ್ತದೆ ಎಂಬುದನ್ನು ಓರೆ ನಿರ್ಧರಿಸುತ್ತದೆ. ತಗ್ಗಾದ, ಸುತ್ತ ಗೋಡೆಯಿರುವ ಮನೆಯ ಎರಡು ಇಳಿಜಾರಿನ ಮಾಡನ್ನೇ ತೆಗೆದುಕೊಳ್ಳಿ. ಓರೆ 10 ಡಿಗ್ರಿಯಿದ್ದರೆ ಗಾಳಿಗೆ ಎದುರಾದ ಇಳಿಜಾರಿನ ಮೇಲೆ ಆ ಒತ್ತಡದ 1.2 ಪಟ್ಟು ಹೀರುವಿಕೆ. 20 ಡಿಗ್ರಿಗೆ 0.4. 30 ಡಿಗ್ರಿಗೆ ಸೊನ್ನೆ. ಹಿಂಬದಿಯ ಇಳಿಜಾರಿಗೆ ಈ ಮೂರರಲ್ಲೂ 0.4.

ಈಗ ಊರಿನ ಯಾವುದಾದರೂ ಶೀಟಿನ ಮಾಡನ್ನು ಅಳೆದು ನೋಡಿ. 12 ಅಡಿ ಅಗಲಕ್ಕೆ 2 ಅಡಿ ಏರು ಕೊಟ್ಟಿರುತ್ತಾರೆ. ಅದು ಹೆಚ್ಚುಕಡಿಮೆ 10 ಡಿಗ್ರಿ, ಇದ್ದುದರಲ್ಲಿ ಅತಿ ಕೆಟ್ಟ ಕೋನ! ಹಳೆಯ ಹಂಚಿನ ಮಾಡು ಅದೇ 12 ಅಡಿಗೆ 7 ಅಡಿ ಏರುತ್ತಿತ್ತು, ಅಂದರೆ 30 ಡಿಗ್ರಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯುವುದಕ್ಕೂ ಮೊದಲು, ಮುಳಿಹುಲ್ಲಿನ ಕಾಲದಿಂದಲೂ, ಇಲ್ಲಿನ ಮಾಡು ಕಡಿದಾಗಿಯೇ ಇತ್ತು. ಮಳೆನೀರು ಬೇಗ ಜಾರಲಿ ಎಂದು ಮಾಡಿದ್ದು ಗಾಳಿಗೂ ಒದಗಿತು.

ತೂಕದ ಲೆಕ್ಕವೂ ಹಾಗೆಯೇ. ರೀಪು ಸೇರಿ ಮಂಗಳೂರು ಹಂಚು ಚದರ ಮೀಟರಿಗೆ 65 ಕಿಲೊ ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ನಾಲ್ಕೈದು ಕಿಲೊ. ಎರಡು ಇಳಿಜಾರಿನ 600 ಚದರ ಅಡಿ ಶೀಟಿನ ಮಾಡನ್ನು 10 ಡಿಗ್ರಿಯಲ್ಲಿ ಕಟ್ಟಿದರೆ ಎತ್ತುವ ಬಲ ನಾಲ್ಕು ಟನ್ನಿನ ಆಸುಪಾಸು. ಶೀಟಿನ ತೂಕ 250 ಕಿಲೊ. ಉಳಿದದ್ದನ್ನೆಲ್ಲ ಹಿಡಿಯಬೇಕಾದ್ದು ಪೈಪು ಮತ್ತು ಬೋಲ್ಟು. ಇದರ ಮೇಲೆ ಮಾಡಿನಡಿ ಮೂರು ಕಡೆ ಶೀಟು ಹೊಡೆದು ಒಂದು ಕಡೆ ಬಿಟ್ಟರೆ ಗಾಳಿ ಒಳಹೊಕ್ಕು ಅಡಿಯಿಂದಲೂ ದೂಡುತ್ತದೆ. ಮಳೆ ಹೊಡೆತಕ್ಕೆ ಮರೆ ಬೇಕಿದ್ದರೆ ಎದುರುಬದುರಾಗಿ ಎರಡು ಬದಿ ತೆರೆದಿಡಿ, ಇಲ್ಲವೇ ಜಾಳಿ ಹಾಕಿ.

ನಮ್ಮಲ್ಲಿ ಪಡುವಣ ಬದಿಯನ್ನು ಮಾತ್ರ ಗಟ್ಟಿ ಮಾಡುವ ರೂಢಿ. ಮಳೆಗಾಲದ ಗಾಳಿಗೆ ಅದು ಸಾಕು, ಚಂಡಮಾರುತಕ್ಕೆ ಸಾಲದು. 2021ರ ಮೇ ತಿಂಗಳ ತೌಕ್ತೆಯಂತೆ ಚಂಡಮಾರುತ ಕಡಲಲ್ಲೇ ಬಡಗಣಕ್ಕೆ ಸಾಗುವಾಗ ನಮ್ಮ ದಂಡೆಗೆ ಗಾಳಿ ಮೊದಲು ಮೂಡಣ-ತೆಂಕಣದಿಂದ ಬೀಸಿ, ಬರಬರುತ್ತ ತೆಂಕಣಕ್ಕೆ, ಆಮೇಲೆ ಪಡುವಣದ ಕಡೆಗೆ ತಿರುಗುತ್ತದೆ. ಹಾಗಾಗಿ ನಾಲ್ಕೂ ಅಂಚನ್ನು ಒಂದೇ ಸಮ ಬಿಗಿಯಬೇಕು.

ಬಿಗಿಯುವುದು ಹೇಗೆ? ಕಂಬವನ್ನು ಪ್ಯಾರಾಪೆಟ್ ಮೇಲೆ ಕೂರಿಸಲೇಬೇಡಿ. ಕೆಂಪುಕಲ್ಲಿನ ಪ್ಯಾರಾಪೆಟ್ ತನ್ನ ತೂಕದಷ್ಟನ್ನೂ ಸರಿಯಾಗಿ ಹಿಡಿದಿಡುವುದಿಲ್ಲ, ಗಾರೆ ಬಿಟ್ಟು ಕಲ್ಲಿನ ಸಮೇತ ಏಳುತ್ತದೆ. ಕೆಳಗೆ ಕಾಲಮ್ ಅಥವಾ ಬೀಮ್ ಇರುವ ಜಾಗ ಗುರುತಿಸಿ, 10 ಮಿ.ಮೀ. ದಪ್ಪದ ತಳಪಟ್ಟಿಗೆ 12 ಮಿ.ಮೀ.ನ ನಾಲ್ಕು ಬೋಲ್ಟುಗಳನ್ನು ನಾಲ್ಕು ಇಂಚು ಆಳಕ್ಕೆ ಕೆಮಿಕಲ್ ಆ್ಯಂಕರ್ (ಬೋಲ್ಟನ್ನು ಕಾಂಕ್ರೀಟಿಗೆ ಹಿಡಿಸುವ ಅಂಟು) ಹಾಕಿ ಕೂರಿಸಿ. ತೂತು ಕೊರೆದ ಮೇಲೆ ದೂಳನ್ನು ಊದಿ ತೆಗೆಯದಿದ್ದರೆ ಅಂಟು ದೂಳಿಗೆ ಹಿಡಿಯುತ್ತದೆ, ಕಾಂಕ್ರೀಟಿಗಲ್ಲ. ಬೋಲ್ಟು ಕಿತ್ತು ಬರುವುದಕ್ಕೆ ಇದೇ ದೊಡ್ಡ ಕಾರಣ. ಶೀಟಿನ ನಡುಭಾಗದಲ್ಲಿ ಒಂದು ಬಿಟ್ಟು ಒಂದು ಉಬ್ಬಿಗೆ ಸ್ಕ್ರೂ ಸಾಕು. ಸೂರಿನಲ್ಲಿ, ನೆತ್ತಿಯಲ್ಲಿ, ಎರಡು ಬದಿಯಲ್ಲಿ ಪ್ರತಿ ಉಬ್ಬಿಗೂ ಬೇಕು, ಅಡ್ಡಪೈಪಿನ ಅಂತರವನ್ನೂ ಅಲ್ಲಿ ಮೂರಡಿಯಿಂದ ಒಂದೂವರೆ ಅಡಿಗೆ ಇಳಿಸಬೇಕು. ಶೀಟು ಕಿತ್ತು ಬರುವುದು ಯಾವಾಗಲೂ ಅಂಚಿನಿಂದಲೇ.

ಹೊಸ ಮನೆಯಾದರೆ ಹಂಚಿನ ಮಾಡನ್ನೇ ಯೋಚಿಸಬಹುದು. 30 ಡಿಗ್ರಿಯಲ್ಲಿ ಹಿಂಬದಿಯ ಹೀರುವಿಕೆ 37 ಕಿಲೊ, ಹಂಚಿನ ತೂಕ 65. ತನ್ನ ಭಾರಕ್ಕೇ ನಿಲ್ಲುತ್ತದೆ. ಆದರೆ ಗಾಳಿಯ ಬದಿಯ ಕಿಟಕಿಯೊಂದು ಒಡೆದರೆ ಒಳಗಿನಿಂದ ಆ 93 ಕಿಲೊದ ಅರ್ಧ ಪಾಲು ಒತ್ತಡ ಸೇರಿ ಹೀರುವಿಕೆ 84 ಕಿಲೊ ಮುಟ್ಟುತ್ತದೆ. ಸೂರಿನ ಮತ್ತು ಬದಿಯ ಮೂರು ಸಾಲು ಹಂಚನ್ನು ತಂತಿಯಿಂದ ರೀಪಿಗೆ ಕಟ್ಟಬೇಕೆನ್ನುವುದು, ಪಡುವಣ ಕಿಟಕಿಗೆ ಹೊರಕ್ಕೆ ತೆರೆಯುವ ಮರದ ಬಾಗಿಲು ಬೇಕೆನ್ನುವುದು ಇದಕ್ಕೇ. ಹೊರಗಿನಿಂದ ಬಂದ ಗಾಳಿ ಅದನ್ನು ಚೌಕಟ್ಟಿಗೇ ಒತ್ತಿ ಹಿಡಿಯುತ್ತದೆ. ಗೋಡೆಯ ನೆತ್ತಿಗೆ ಸುತ್ತ ಕಾಂಕ್ರೀಟ್ ಬೆಲ್ಟ್ ಹಾಕಿ, ಅದರಲ್ಲಿ ನಾಲ್ಕಡಿಗೊಂದು 12 ಮಿ.ಮೀ. ಬೋಲ್ಟು ಹೂತು, ಪಕ್ಕಾಸನ್ನು (ಮಾಡಿನ ಇಳಿಜಾರು ತೊಲೆ) ಕಬ್ಬಿಣದ ಪಟ್ಟಿಯಿಂದ ಅದಕ್ಕೆ ಕಟ್ಟಬೇಕು. ಬರೀ ಮೊಳೆ ಸಾಲದು, ಎಳೆದ ದಿಕ್ಕಿಗೇ ಜಾರಿ ಬರುತ್ತದೆ. ಜಗಲಿಯ ಮಾಡನ್ನು ಮುಖ್ಯ ಮಾಡಿನ ಮುಂದುವರಿಕೆಯಾಗಿ ಎಳೆಯದೆ ಒಂದು ಮೆಟ್ಟಿಲು ತಗ್ಗಿಸಿ ಬೇರೆಯಾಗಿ ಕಟ್ಟಿದರೆ, ಹೋದರೂ ಅದೊಂದೇ ಹೋಗುತ್ತದೆ.

ಸೆಕೆಯ ವಿಷಯಕ್ಕೆ ಒಂದು ಮಾತು. ಬಯಲುಸೀಮೆಯ ದಪ್ಪ ಗೋಡೆಯ ಉಪಾಯ ಇಲ್ಲಿ ಅಷ್ಟು ನಡೆಯುವುದಿಲ್ಲ. ರಾತ್ರಿಯೂ ತಂಪಾಗದ ಊರಲ್ಲಿ ಗೋಡೆ ಬಿಸಿ ಕಕ್ಕುವುದು ಯಾವಾಗ? ಬೆವರು ಆರಲು ಮೈಮೇಲೆ ಗಾಳಿ ಹಾಯಬೇಕು. ಕಿಟಕಿಯ ತಳ ನೆಲದಿಂದ ಎರಡಡಿಗೆ ಇರಲಿ, ಎದುರು ಗೋಡೆಯಲ್ಲಿ ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಕಿಂಡಿ ಇರಲಿ. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಗಾಳಿ ಹಾಯದು.

ಕಾಂಕ್ರೀಟಿಗೆ ಕಡಲು ತರುವ ಕೇಡು ಉಪ್ಪು. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವುದು ಎಂ30 ದರ್ಜೆ (ಗಟ್ಟಿತನದ ಅಳತೆ), ಸರಳಿನ ಹೊರಗೆ 45 ಮಿ.ಮೀ. ಹೊದಿಕೆ, ನೀರು-ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45. ಸೈಟಿನಲ್ಲಿ ಸರಳಿನಡಿ ಜಲ್ಲಿ ಚೂರು ಇಡುವುದನ್ನು ಕಾಣುತ್ತೇವೆ, ಹೊದಿಕೆ 15 ಮಿ.ಮೀ. ಕೂಡ ಉಳಿಯುವುದಿಲ್ಲ. ತುಕ್ಕು ಹಿಡಿದ ಸರಳು ಉಬ್ಬಿ, ಸಜ್ಜೆಯ ಅಡಿ ಮೊದಲು ಸಿಡಿಯುತ್ತದೆ. ಮೇ ತಿಂಗಳಲ್ಲಿ ಬಾವಿನೀರು ಉಪ್ಪಾಗುವ ಕಡೆ ಆ ನೀರಲ್ಲಿ ಕಾಂಕ್ರೀಟ್ ಕಲಸಬಾರದು. ಆರ್‌ಸಿಸಿಗೆ ಕ್ಲೋರೈಡ್ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕ್ಯೂರಿಂಗಿಗೂ ಸಿಹಿನೀರೇ ಬೇಕು.

ಶೀಟಿನ ಮಾಡು ಈಗಾಗಲೇ ಇದ್ದರೆ ಏಪ್ರಿಲ್‌ನಲ್ಲಿ ಒಂದು ದಿನ ಮೀಸಲಿಡಿ. ಶೀಟಿನ ಮೇಲ್ಮೈಯನ್ನು ಮಳೆ ತೊಳೆಯುತ್ತದೆ, ಅಡಿಭಾಗಕ್ಕೆ ಕೂತ ಉಪ್ಪು ಹಾಗೇ ಉಳಿಯುತ್ತದೆ. ಅಡಿಯನ್ನು ಸಿಹಿನೀರಿನ ಪೈಪು ಹಿಡಿದು ತೊಳೆಯಿರಿ. ತುಕ್ಕು ಹಿಡಿದ, ವಾಷರ್ ಒಡೆದ ಸ್ಕ್ರೂಗಳನ್ನು ಬದಲಿಸಿ. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ಅಲ್ಲಿ ಕೆರೆದು ಸತು ಹೆಚ್ಚಿರುವ ಪ್ರೈಮರ್ ಬಳಿಯಿರಿ. ಪೈಪಿನ ತೆರೆದ ತುದಿಗಳನ್ನು ಮುಚ್ಚಿಸಿ, ಇಲ್ಲವಾದರೆ ಒಳಗಿನಿಂದಲೇ ತಿಂದುಹೋಗುತ್ತದೆ, ಹೊರಗಿನ ಪೇಂಟು ಮಾತ್ರ ಹೊಳೆಯುತ್ತಿರುತ್ತದೆ.