ಹೇಳಿಕೊಟ್ಟಿದ್ದು ಸಾಕು, ಈಗ ಸ್ವಲ್ಪ ಕಾಯಿರಿ

ಮಕ್ಕಳ ಮಾತಿನ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ನಾನು. ಎರಡು ವರ್ಷದ ಮಗುವನ್ನು ನನ್ನ ಬಳಿ ಕರೆತರುವ ಅಪ್ಪ ಅಮ್ಮಂದಿರು ಮೊದಲು ಹೇಳುವುದು ಬಹುತೇಕ ಒಂದೇ ಮಾತು. "ಎಲ್ಲಾ ಅರ್ಥ ಆಗುತ್ತೆ, ಮಾತು ಮಾತ್ರ ಬರ್ತಿಲ್ಲ. ನಾವು ದಿನವಿಡೀ ಹೇಳಿಕೊಡ್ತಾನೇ ಇದ್ದೀವಿ." ಅದು ನಿಜವೇ. ಎಷ್ಟೋ ಸಲ ನನ್ನ ಎದುರಿಗೇ ಹೇಳಿಕೊಡಲು ಶುರು ಮಾಡುತ್ತಾರೆ. "ಇದೇನು? ಚೆಂಡು. ಹೇಳು, ಚೆಂಡು." ಅಷ್ಟರಲ್ಲಿ ಮಗು ಕಿಟಕಿಯ ಆಚೆ ಕೂತ ಹಕ್ಕಿಯನ್ನು ನೋಡುತ್ತಿರುತ್ತದೆ.

ಆಗ ನಾನು ಹೇಳುವುದಿಷ್ಟೇ. ಚೆಂಡು ಬಿಡಿ, ಹಕ್ಕಿ ಅನ್ನಿ.

ಮಗು ತಾನಾಗಿಯೇ ನೋಡುತ್ತಿರುವ ವಸ್ತುವಿನ ಹೆಸರು ಹೇಳಿದರೆ ಅದು ಬೇಗ ಮನಸ್ಸಿನಲ್ಲಿ ಕೂರುತ್ತದೆ. ಗಮನವನ್ನು ಬೇರೆ ಕಡೆ ಎಳೆದು ಹೇಳಿಕೊಟ್ಟ ಪದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಮೈಕೆಲ್ ಟೊಮಸೆಲ್ಲೊ ಮತ್ತು ಜೆಫ್ರಿ ಫರಾರ್ 1986ರಲ್ಲೇ ಇದನ್ನು ಅಧ್ಯಯನ ಮಾಡಿ ತೋರಿಸಿದ್ದಾರೆ. ಕಾರಣ ಸರಳ. ಒಂದು ವರ್ಷದ ಮಗುವಿಗೆ ಗಮನ ಬದಲಿಸುವುದೇ ಒಂದು ಕೆಲಸ. ಅದರ ಜೊತೆಗೆ ಹೊಸ ಪದವನ್ನೂ ಹಿಡಿಯಬೇಕೆಂದರೆ ಎರಡು ಕೆಲಸ ಒಟ್ಟಿಗೆ ಆಗಬೇಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಾವು ಕಾಯುವುದಿಲ್ಲ. ಪ್ರಶ್ನೆ ಕೇಳುತ್ತೇವೆ, ಒಂದು ಸೆಕೆಂಡೂ ಬಿಡದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಪುಟ್ಟ ಮಗು ಕೇಳಿದ್ದನ್ನು ಅರ್ಥ ಮಾಡಿಕೊಳ್ಳಬೇಕು, ಪದ ಹುಡುಕಬೇಕು, ತುಟಿ ನಾಲಿಗೆಗಳನ್ನು ಅದಕ್ಕೆ ಹೊಂದಿಸಬೇಕು. ಇದಕ್ಕೆಲ್ಲ ಸಮಯ ಬೇಕಲ್ವಾ? ಒಂದು ಮಾತು ಹೇಳಿ, ಮುಖ ನೋಡುತ್ತಾ, ಮನಸ್ಸಿನಲ್ಲೇ ನಿಧಾನವಾಗಿ ಒಂದರಿಂದ ಐದು ಅಥವಾ ಹತ್ತರವರೆಗೆ ಎಣಿಸಿ. ದೊಡ್ಡವರಿಗೆ ಈ ಮೌನ ತುಂಬಾ ಉದ್ದ ಅನ್ನಿಸುತ್ತದೆ. ಆದರೆ ಮಗು ಕಣ್ಣೆತ್ತಿ ನೋಡುವುದು, ಕೈ ಚಾಚುವುದು, "ಆ" ಅನ್ನುವುದು ಎಲ್ಲವೂ ನಡೆಯುವುದು ಆ ಮೌನದಲ್ಲೇ. ಅದೇ ಅದರ ಸರದಿ. ಆ "ಆ"ಗೆ ನೀವು ಉತ್ತರ ಕೊಟ್ಟರೆ ಸಂಭಾಷಣೆ ಶುರುವಾಯಿತು ಎಂದೇ ಅರ್ಥ. ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಅನ್ನುವುದಕ್ಕಿಂತ ಇಂಥ ಕೊಡು-ತಗೊಳ್ಳುವಿಕೆ ಎಷ್ಟು ನಡೆಯಿತು ಅನ್ನುವುದನ್ನು ನಾನು ಹೆಚ್ಚು ನೋಡುತ್ತೇನೆ.

ಹೀಗೆ ಮಾತಾಡುವಾಗ ಮಗು ಒಂದು ಪದ ಹೇಳಿದರೆ ನೀವು ಇನ್ನೊಂದನ್ನು ಸೇರಿಸಿ. ಅದು "ಕಾ" ಅಂದರೆ, "ಹೌದು, ಕಾರು ಹೋಯ್ತು" ಅನ್ನಿ. "ಕಾ ಅಲ್ಲ, ಕಾರು ಅನ್ನು" ಎಂದು ತಿದ್ದಲು ಹೋಗಬೇಡಿ. ಸರಿಯಾದ ಉಚ್ಚಾರ ನಿಮ್ಮ ಉತ್ತರದಲ್ಲೇ ಅದರ ಕಿವಿಗೆ ಬಿದ್ದಾಯಿತು. ಹೆಸರುಗಳನ್ನು ಹೇಳಿಕೊಡುವ ಭರದಲ್ಲಿ ಕ್ರಿಯಾಪದಗಳನ್ನು, ದಿನಬಳಕೆಯ ಸಣ್ಣ ಪದಗಳನ್ನು ಮರೆಯಬೇಡಿ. ಬಣ್ಣ, ಆಕಾರ, ಪ್ರಾಣಿಗಳ ಹೆಸರು ಗೊತ್ತಿದ್ದೂ ಎರಡು ಪದ ಜೋಡಿಸಲಾಗದ ಮಕ್ಕಳು ಎಷ್ಟೋ ಇದ್ದಾರೆ. ಬಾ, ಕೊಡು, ಬೇಡ, ಇನ್ನೂ, ಬಿತ್ತು, ತೆಗಿ. ಇವು ಬಂದರೆ ಮಗು ತನಗೆ ಬೇಕಾದ್ದನ್ನು ಕೇಳಬಹುದು, ಬೇಡವಾದ್ದನ್ನು ತಳ್ಳಬಹುದು. ವಾಕ್ಯ ಕಟ್ಟಲು ದಾರಿಯಾಗುವುದೂ ಇವುಗಳಿಂದಲೇ.

ಇನ್ನು ಎಲ್ಲರೂ ಕೇಳುವ ಲೆಕ್ಕ. ಸಾಮಾನ್ಯವಾಗಿ ಮೊದಲ ಪದ ಬರುವುದು 12 ತಿಂಗಳ ಆಸುಪಾಸಿನಲ್ಲಿ. 18 ತಿಂಗಳಲ್ಲಿ ಮಕ್ಕಳ ನಡುವೆ ವ್ಯತ್ಯಾಸ ತುಂಬಾ ದೊಡ್ಡದು. ಒಂದು ಮಗು ಹತ್ತಾರು ಪದ ಹೇಳಿದರೆ ಇನ್ನೊಂದು ನೂರು ದಾಟಿರುತ್ತದೆ. ಎರಡೂ ಆರೋಗ್ಯವಾಗಿಯೇ ಇರಬಹುದು. 24 ತಿಂಗಳಿಗೆ ಸುಮಾರು 50 ಪದಗಳಿವೆಯೇ, ಎರಡೆರಡು ಪದ ಜೋಡಿಸುತ್ತಿದೆಯೇ ಎಂದು ನಾವು ನೋಡುತ್ತೇವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 50 ಪದಗಳ ಗುರುತು 30 ತಿಂಗಳಿಗಿದೆ. ಬಹುಪಾಲು ಮಕ್ಕಳು ಆ ವಯಸ್ಸಿಗೆ ಮುಟ್ಟಿರುವ ಮಟ್ಟ ಅದು. ನಾನು ಮಾತ್ರ ಎರಡು ವರ್ಷಕ್ಕೇ ಒಮ್ಮೆ ತೋರಿಸಿ ಅನ್ನುತ್ತೇನೆ. ತೋರಿಸುವುದರಿಂದ ನಷ್ಟವೇನೂ ಇಲ್ಲ.

ಪದ ಎಣಿಸುವಾಗ ಕಂಜೂಸುತನ ಬೇಡ. ಹಾಲಿಗೆ ಯಾವಾಗಲೂ "ಹಾ" ಅಂದರೆ ಅದು ಪದ. ನಾಯಿಗೆ "ಬೌ ಬೌ" ಅಂದರೂ ಪದ. ದನವನ್ನೂ "ಬೌ ಬೌ" ಅಂದರೆ ಗಾಬರಿಯಾಗಬೇಡಿ, ಈ ವಯಸ್ಸಿನಲ್ಲಿ ಅದು ಸಹಜ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿಸಿ. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಮಗುವಿನ ಜೊತೆ ನಿಮಗೆ ಮನಸ್ಸು ಬಿಚ್ಚಿ ಮಾತಾಡಲು ಬರುವ ಭಾಷೆಯನ್ನು ಯಾರ ಸಲಹೆಗೂ ಬಿಡಬೇಡಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಅರೆಬರೆ ಬರುವ ಭಾಷೆಯಲ್ಲಿ ಅಮ್ಮ ತಡವರಿಸುತ್ತಾ ಮಾತಾಡಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಮೊಬೈಲ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. "ಅದರಲ್ಲಿ ಎ ಬಿ ಸಿ ಡಿ ಕಲಿತ" ಎಂದು ಖುಷಿಪಡುವವರು ಜಾಸ್ತಿ. 2003ರಲ್ಲಿ ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ 9 ತಿಂಗಳ ಕೂಸುಗಳ ಜೊತೆ ಕೆಲವು ವಾರ ಚೀನಾದ ಮ್ಯಾಂಡರಿನ್ ಭಾಷೆ ಮಾತಾಡುವವರು ಕೂತು ಆಟವಾಡಿದರು, ಪುಸ್ತಕ ತೋರಿಸಿದರು. ಆ ಕೂಸುಗಳು ಮ್ಯಾಂಡರಿನ್ ಧ್ವನಿಗಳ ವ್ಯತ್ಯಾಸ ಗುರುತಿಸಲು ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ಅಥವಾ ಬರೀ ಧ್ವನಿಯಲ್ಲಿ ಕೇಳಿದ ಕೂಸುಗಳು ಏನೂ ಕಲಿಯಲಿಲ್ಲ. ಪರದೆ ಮಗುವಿಗಾಗಿ ಕಾಯುವುದಿಲ್ಲ, ಅದರ "ಆ"ಗೆ ಉತ್ತರವನ್ನೂ ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡು ವರ್ಷ ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

"ಗಂಡು ಮಕ್ಕಳು ತಡ, ಅವರಪ್ಪನೂ ಹಾಗೇ ಇದ್ದ, ಸುಮ್ನೆ ಕಾಯಿರಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ತಡವಾಗಿ ಮಾತಾಡುವ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ, ನಿಜ. ಆದರೆ ಯಾವ ಮಗು ಸರಿಹೋಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. 12 ತಿಂಗಳಾದರೂ "ಬಾ ಬಾ, ಮಾ ಮಾ" ಎಂದು ತೊದಲುವುದಿಲ್ಲ, ಬೆರಳು ತೋರಿಸುವುದಿಲ್ಲ, ಟಾಟಾ ಮಾಡುವುದಿಲ್ಲ ಅಂದರೆ ಕಾಯಬೇಡಿ. 16 ತಿಂಗಳಿಗೆ ಒಂದೂ ಪದ ಇಲ್ಲದಿದ್ದರೂ ಕಾಯಬೇಡಿ. ಹೆಸರು ಕರೆದರೆ ತಿರುಗದಿದ್ದರೆ, ಬರುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ, ಅದೇ ವಾರ ವೈದ್ಯರನ್ನು ಕಾಣಿರಿ.

ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದರೆ ಬೆಚ್ಚುತ್ತದೆ ಅಂದಮಾತ್ರಕ್ಕೆ ಕಿವಿ ಸರಿಯಿದೆ ಎಂದಾಗುವುದಿಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಮಧ್ಯ ಕಿವಿಯಲ್ಲಿ ದ್ರವ ತುಂಬಿ ಮಾತು ಮಸುಕಾಗಿ ಕೇಳಿಸಬಹುದು. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಇನ್ನೊಮ್ಮೆ ಮಾಡಿಸಿ. ಸ್ಪೀಚ್ ಥೆರಪಿಸ್ಟ್ ಬಳಿ ಬರುವಾಗ ಮಗು ಹೇಳುವ ಪದಗಳನ್ನು, ಅದು ಹೇಳುವ ಹಾಗೆಯೇ, ಬರೆದು ತನ್ನಿ. ಮನೆಯಲ್ಲಿ ಆಡುವಾಗ ತೆಗೆದ ಒಂದೆರಡು ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಹೊಸ ಕೋಣೆಯಲ್ಲಿ, ಹೊಸ ಮುಖದ ಎದುರು, ಮಾತು ಬರುವ ಮಗುವೂ ಬಾಯಿ ಬಿಡದೆ ಕೂರುವುದುಂಟು.