ಆವಾಜ ಎಲ್ಲಿಗೆ ಹೋಯಿತು?

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮಣ್ಣನ ಮನೆ. ಕಳೆದ ತಿಂಗಳು ಅಲ್ಲಿಗೆ ಹೊಸ ಡೆಸ್ಕ್‌ಟಾಪ್ ಬಂತು. ಮರುದಿನವೇ ಅಣ್ಣನ ಮಗಳ ಫೋನು. "ಕಾಕಾ, ಚಿತ್ರ ಛಲೋ ಬರ್ಲಾಕತ್ತಾದ, ಆವಾಜ ಬರವಲ್ದು." ಅಂಗಡಿಯವರನ್ನು ಕೇಳಿದರೆ "ಸ್ಪೀಕರ್ ಹೋಗಿರಬೇಕು, ಬ್ಯಾರೆ ತಗೋರಿ" ಎಂದರಂತೆ. ಸಂಜೆ ಆರಕ್ಕೆ ಅವಳಿಗೆ ಆನ್‌ಲೈನ್ ಕ್ಲಾಸ್ ಬೇರೆ ಇತ್ತು. ನಾನೇ ಹೋದೆ.

ಹೊಲಕ್ಕೆ ನೀರು ಬರದಿದ್ದರೆ ಸುಮ್ನೆ ಹೊಸ ಪಂಪು ತರುತ್ತೇವಾ? ಪೈಪಿನ ಗುಂಟ ನಡೆದು ನೋಡುತ್ತೇವೆ, ಅಲ್ವಾ. ಆವಾಜಕ್ಕೂ ಹಾಗೇ ಒಂದು ದಾರಿ ಇದೆ.

ಹಾಡಿರಲಿ, ಪಾಠ ಇರಲಿ, ಕಂಪ್ಯೂಟರಿನ ಒಳಗೆ ಅದು ಬರೀ ಸಂಖ್ಯೆಗಳ ಸಾಲು. ಸಾಮಾನ್ಯವಾಗಿ ಒಂದೊಂದು ಕಿವಿಗೆ ಸೆಕೆಂಡಿಗೆ 48,000 ಸಂಖ್ಯೆಗಳು. ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿನ, ಮೇಲಿರುವ ಸಣ್ಣ ಚಿಪ್ ಅವನ್ನು ಏರಿಳಿಯುವ ವೋಲ್ಟೇಜ್ ಆಗಿ ಬದಲಿಸಿ, ಹಿಂಬದಿಯ ಹಸಿರು ತೂತಿಗೆ ಕಳಿಸುತ್ತದೆ. ಅಲ್ಲಿ ಬರುವುದು ಹೆಚ್ಚೆಂದರೆ ಒಂದೆರಡು ವೋಲ್ಟು. ಸ್ಪೀಕರಿನ ಒಳಗಿನ ಆಂಪ್ಲಿಫೈಯರ್ ಅದಕ್ಕೆ ಬಲ ಕೊಡುತ್ತದೆ. ಆಗ ಅಯಸ್ಕಾಂತದೊಳಗಿನ ತಂತಿಸುರುಳಿ ಹಿಂದೆ ಮುಂದೆ ಅಲುಗುತ್ತದೆ. ಅದಕ್ಕೆ ಅಂಟಿರುವ ಕಾಗದದ ಹಾಳೆ ಗಾಳಿಯನ್ನು ತಳ್ಳುತ್ತದೆ. ನಮ್ಮ ಕಿವಿಗೆ ಬೀಳುವುದು ಅದೇ.

ಅವಳ ಸ್ಪೀಕರಿಗೆ ಎರಡು ವೈರು. ಒಂದು ಯುಎಸ್‌ಬಿ, ಇನ್ನೊಂದು 3.5 ಮಿಲಿಮೀಟರ್ ಪಿನ್. ಇಂಥ ಸ್ಪೀಕರಿನಲ್ಲಿ ಯುಎಸ್‌ಬಿ ಕೊಡುವುದು 5 ವೋಲ್ಟ್ ಕರೆಂಟು ಮಾತ್ರ. ಆವಾಜ ಬರುವುದು ಪಿನ್ನಿನಿಂದ. ಲೈಟ್ ಹತ್ತಿತಲ್ಲ ಎಂದು ಪಿನ್ ಹಾಕದೇ ಬಿಡುವವರು ಜಾಸ್ತಿ. ಇವಳು ಎರಡನ್ನೂ ಸರಿಯಾಗಿಯೇ ಹಾಕಿದ್ದಳು.

ಸ್ಪೀಕರಿನ ವಾಲ್ಯೂಮ್ ಕಡಿಮೆ ಮಾಡಿ ಪಿನ್ ಹೊರಗೆ ತೆಗೆದೆ. ಅದರ ತುದಿಯನ್ನು ಬೆರಳಿನಿಂದ ಮುಟ್ಟಲು ಅವಳಿಗೆ ಹೇಳಿ, ವಾಲ್ಯೂಮ್ ಮೆಲ್ಲಗೆ ಏರಿಸಿದೆ. ಗುಂಯ್ ಎಂದಿತು. ಬೆರಳು ತೆಗೆದಳು, ನಿಂತಿತು. ಮನೆಯ ವೈರಿಂಗ್‌ನಲ್ಲಿ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತಿರುತ್ತದೆ. ನಮ್ಮ ಮೈ ಆಂಟೆನಾದ ಹಾಗೆ ಅದನ್ನು ಒಂಚೂರು ಹಿಡಿಯುತ್ತದೆ. ಆ ಒಂಚೂರನ್ನೇ ಸ್ಪೀಕರ್ ದೊಡ್ಡದು ಮಾಡಿ ಕೇಳಿಸುತ್ತದೆ. ಅಂದರೆ ಪಿನ್, ವೈರು, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಸರಿ ಇವೆ. ಅರ್ಧ ದಾರಿ ನೋಡಿದ ಹಾಗಾಯಿತು. ಹೊಸ ಸ್ಪೀಕರಿನ ದುಡ್ಡೂ ಉಳಿಯಿತು. (ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಮಾತ್ರ ಇದನ್ನು ಮಾಡಬೇಡಿ.)

ಪಿನ್ ಮತ್ತೆ ಹಸಿರು ತೂತಿಗೆ ಸೇರಿಸಿ, ಒಂದು ಪಾಠದ ವಿಡಿಯೊ ಹಚ್ಚಿದೆವು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ಒತ್ತಿದರೆ ಪ್ಲೇಬ್ಯಾಕ್ ಪಟ್ಟಿ ಬರುತ್ತದೆ. ಒಂದೊಂದು ಹೆಸರಿನ ಪಕ್ಕದಲ್ಲೂ ಸಣ್ಣ ಗೆರೆಗಳಿರುತ್ತವೆ. ಸ್ಪೀಕರ್ಸ್ ಎಂಬ ಹೆಸರಿನ ಪಕ್ಕ ಏನೂ ಅಲುಗಲಿಲ್ಲ. ಮೇಲಿನ ಸಾಲಿನಲ್ಲಿ ಮಾತ್ರ ಹಸಿರು ಗೆರೆಗಳು ಪಾಠದ ಮಾತಿಗೆ ತಕ್ಕಂತೆ ಕುಣಿಯುತ್ತಿದ್ದವು. ಆ ಸಾಲಿನಲ್ಲಿದ್ದದ್ದು ಮಾನಿಟರಿನ ಹೆಸರು!

ಮಾನಿಟರಿಗೆ ಹಾಕುತ್ತಿದ್ದ ಹಳೇ ವಿಜಿಎ ಕೇಬಲ್ 1987ರದ್ದು, ಅದರಲ್ಲಿ ಹೋಗುತ್ತಿದ್ದದ್ದು ಚಿತ್ರ ಮಾತ್ರ. 2002ರಲ್ಲಿ ಬಂದ ಎಚ್‌ಡಿಎಂಐ ಒಂದೇ ವೈರಿನಲ್ಲಿ ಚಿತ್ರವನ್ನೂ ಆವಾಜವನ್ನೂ ಒಯ್ಯುತ್ತದೆ. ಕೇಬಲ್ ಹಾಕಿದ ತಕ್ಷಣ ಮಾನಿಟರ್ ತನ್ನ ವಿವರವನ್ನು ಕಂಪ್ಯೂಟರಿಗೆ ತಿಳಿಸುತ್ತದೆ. ಎಚ್‌ಡಿಎಂಐನಲ್ಲಿ ಜೋಡಿಸಿದ್ದ ಈ ಮಾನಿಟರಿನಲ್ಲಿ ಸ್ಪೀಕರ್ ಇರಲಿಲ್ಲ, ಆದರೆ ಹಿಂದೆ ಹೆಡ್‌ಫೋನ್ ತೂತು ಇತ್ತು. ಹಾಗಾಗಿ ಆವಾಜ ನನಗೂ ಕಳಿಸು ಎಂದಿತ್ತು. ವಿಂಡೋಸ್ ಎಲ್ಲವನ್ನೂ ಅತ್ತಲೇ ಕಳಿಸುತ್ತಿತ್ತು. ಏನೂ ಕೆಟ್ಟಿರಲಿಲ್ಲ.

ಸ್ಪೀಕರ್ಸ್ ಆರಿಸಿ ಸೆಟ್ ಡಿಫಾಲ್ಟ್ ಒತ್ತಿದಳು. ಪಾಠ ಕೇಳಿಸಿತು. ಮಾನಿಟರಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೂಡ ಮಾಡಿಸಿದೆ, ಮುಂದೆ ಆವಾಜ ಮತ್ತೆ ಅತ್ತ ಹೋಗಬಾರದು ಅಂತ.

ಪಟ್ಟಿಯಲ್ಲಿ ಸ್ಪೀಕರ್ಸ್ ಹೆಸರೇ ಇಲ್ಲದಿದ್ದರೆ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಆಡಿಯೊ ಡ್ರೈವರ್ (ಆವಾಜದ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಹಾಕಿ ನೋಡಬೇಕು. ಹಿಂದಿನ ತೂತಿನಲ್ಲಿ ಕೇಳಿಸಿ ಮುಂದಿನದರಲ್ಲಿ ಕೇಳಿಸದಿದ್ದರೆ, ಜೋಡಿಸುವಾಗ ಕಂಪ್ಯೂಟರ್ ಡಬ್ಬಿಯೊಳಗಿನ ಒಂದು ಸಣ್ಣ ವೈರು ಹಾಕದೇ ಬಿಟ್ಟಿರಬಹುದು. ಗುಲಾಬಿ ತೂತು ಮೈಕಿಗೆ, ಅಲ್ಲಿ ಸ್ಪೀಕರ್ ಪಿನ್ ಹಾಕಬೇಡಿ.

ಕ್ಲಾಸ್ ಮುಗಿದ ಮೇಲೆ ನೋಡಿದರೆ, ಅವಳು ಪಿನ್ ಬಿಚ್ಚಿ ನಮ್ಮವ್ವನ ಬೆರಳಿಗೆ ಮುಟ್ಟಿಸಿ ಆ ಗುಂಯ್ ಕೇಳಿಸುತ್ತಿದ್ದಳು.