12 ಅಕ್ಷರಗಳಿಗಾಗಿ 22 ವರ್ಷ

ಕೆನಡಾದ ಉತ್ತರದಂಚಿನ ನುನಾವುಟ್‌ನಲ್ಲಿ ತಲೋಯೋಕ್, ಕುಗಾರುಕ್ ಎಂಬ ಪುಟ್ಟ ಊರುಗಳಿವೆ. ಅಲ್ಲಿನ ನಟ್ಟಿಲಿಕ್ ಇನುಯಿಟ್ ಜನ ಕಾಗದದ ಮೇಲೆ ತಮ್ಮ ಮಾತನ್ನು ತಮ್ಮ ಲಿಪಿಯಲ್ಲೇ ಬರೆಯಬಹುದಿತ್ತು. ಇಮೇಲ್‌ನಲ್ಲಿ, ಮೊಬೈಲ್ ಸಂದೇಶದಲ್ಲಿ ಮಾತ್ರ ಅದು ಕೈಕೊಡುತ್ತಿತ್ತು. ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಿಗೂ ಸಲ್ಲುವ ಒಂದು ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ ಯೂನಿಕೋಡ್. ಅವರಿಗೆ ಬೇಕಾದ 12 ಅಕ್ಷರಗಳು ಅದರಲ್ಲಿ ಇರಲೇ ಇಲ್ಲ. ಅದೇ ಲಿಪಿಯ 630 ಅಕ್ಷರಗಳು 1999ರಲ್ಲೇ ಒಳಗೆ ಬಂದಿದ್ದವು. ಈ 12 ಸೇರಿದ್ದು 2021ರ ಸೆಪ್ಟೆಂಬರ್‌ನಲ್ಲಿ.

ಸಿಲೆಬಿಕ್ಸ್ ಎಂದು ಕರೆಯುವ ಈ ಲಿಪಿಯನ್ನು 1840ರಲ್ಲಿ ಕೆನಡಾದ ಮೂಲನಿವಾಸಿಗಳ ಕ್ರೀ ಭಾಷೆಗೆ ಅಳವಡಿಸಿದವನು ಅಲ್ಲಿನ ನಾರ್ವೇ ಹೌಸ್ ಎಂಬ ಊರಿನ ಪಾದ್ರಿ ಜೇಮ್ಸ್ ಇವಾನ್ಸ್ ಎನ್ನುತ್ತದೆ ದಾಖಲೆಯ ಇತಿಹಾಸ. ಕ್ರೀ ಹಿರಿಯರ ಕಥೆ ಬೇರೆ: ಮಿಸ್ತನಾಕೋವೇವ್ ಎಂಬಾತ ಸತ್ತು ಮರಳಿ ಬಂದಾಗ ಆತ್ಮಲೋಕದಿಂದ ಇದನ್ನು ತಂದನಂತೆ. ಇವಾನ್ಸ್ ಚಹಾ ಪೆಟ್ಟಿಗೆಗಳ ಒಳಪದರದ ಸೀಸ ಕರಗಿಸಿ ಅಚ್ಚುಮೊಳೆ ಎರೆದು, ಬರ್ಚ್ ಮರದ ತೊಗಟೆಯ ಮೇಲೂ ಮುದ್ರಿಸಿದ. ಲಿಪಿಯಲ್ಲಿ ಶೀಘ್ರಲಿಪಿಯ ಜೊತೆಗೆ ದೇವನಾಗರಿಯ ನೆರಳನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಕಾಗುಣಿತ ಕಲಿತವರಿಗೆ ಇದರ ತರ್ಕ ಬೇಗ ಹತ್ತುತ್ತದೆ. ವ್ಯಂಜನಕ್ಕೊಂದು ಆಕಾರ, ಸ್ವರ ಬದಲಾದರೆ ಆಕಾರವೇ ತಿರುಗುತ್ತದೆ. ಕ್ರೀಯಲ್ಲಿ ಕೋನದ ಮೊನೆ ಮೇಲಕ್ಕಿದ್ದರೆ ‘ಪಿ’, ಬಲಕ್ಕೆ ‘ಪೊ’, ಎಡಕ್ಕೆ ‘ಪ’, ಕೆಳಕ್ಕೆ ‘ಪೇ’.

ಮಿಷನರಿಗಳ ಮೂಲಕ ಲಿಪಿ ಇನುಯಿಟ್ ಜನರಿಗೂ ತಲುಪಿತು. 1976ರಲ್ಲಿ ಇನುಯಿಟ್ ಸಾಂಸ್ಕೃತಿಕ ಸಂಸ್ಥೆ ಅದಕ್ಕೊಂದು ಏಕರೂಪ ಕೊಟ್ಟಾಗ ‘ಐ’ ಸ್ವರವಿರುವ ಅಕ್ಷರಗಳ ಸಾಲು ಪೂರ್ತಿ ಬಿದ್ದುಹೋಯಿತು. ವ್ಯಾಕರಣದ ಕಾರಣಕ್ಕಲ್ಲ, ಟೈಪ್‌ರೈಟರ್ ಕಾರಣಕ್ಕೆ! ಐಬಿಎಂ ಸೆಲೆಕ್ಟ್ರಿಕ್ ಯಂತ್ರದ ಅಚ್ಚುಗುಂಡಿನಲ್ಲಿ ಜಾಗವಿದ್ದದ್ದು 88 ಗುರುತುಗಳಿಗೆ. ಉತ್ತರ ಕ್ವಿಬೆಕ್‌ನ ನುನಾವಿಕ್ ಜನ ಮುಂದೆ ಆ ಸಾಲನ್ನು ಹಟ ಹಿಡಿದು ಮರಳಿ ತಂದರು.

ಕಂಪ್ಯೂಟರ್ ಬಂದ ಮೇಲೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಸಿಲೆಬಿಕ್ಸ್ ಚಿತ್ರ ಕೂರಿಸುವ ನುನಾಕಾಮ್, ಪ್ರೋಸಿಲ್, ಐಪೈನುನಾವಿಕ್ ಫಾಂಟ್‌ಗಳು ಹುಟ್ಟಿದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರರಾಶಿ. ಹಳೇ ನುಡಿ, ಶ್ರೀಲಿಪಿ ಕಡತಗಳ ಜೊತೆ ಗುದ್ದಾಡಿದ ಕನ್ನಡಿಗರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

1999ರ ಯೂನಿಕೋಡ್ 3.0 ಆವೃತ್ತಿ ಇದಕ್ಕೆ ಪರಿಹಾರವಾಗಿ ಬಂತು. ಕ್ರೀ, ಒಜಿಬ್ವೆ, ಇನುಕ್ಟಿಟುಟ್, ಡಾಕೆಲ್, ಬ್ಲ್ಯಾಕ್‌ಫುಟ್ ಎಂದು ಭಾಷೆಗೊಂದು ಪಟ್ಟಿ ಮಾಡದೆ, ಎಲ್ಲವನ್ನೂ ಆಕಾರದ ಆಧಾರದಲ್ಲಿ ಒಂದೇ ಕೋಷ್ಟಕಕ್ಕೆ ತಂದರು. ಆಕಾರ ಒಂದೇ ಆಗಿದ್ದರೆ, ಉಚ್ಚಾರಣೆ ಬೇರೆಯಾದರೂ ಸಂಕೇತ ಒಂದೇ. ಇದರಿಂದ ನುನಾವಿಕ್ ಜನರಿಗೆ ಅನುಕೂಲವೇ ಆಯಿತು: ಅವರ ‘ಐ’ ಸಾಲಿನ ಹೆಚ್ಚಿನ ಆಕಾರಗಳು ಕ್ರೀ ಭಾಷೆಯ ‘ಏ’ ಸಾಲಿನವೇ. ನಷ್ಟವಾದದ್ದು ಯಾವ ಪಟ್ಟಿಯಲ್ಲೂ ಹೆಸರಿಲ್ಲದವರಿಗೆ. ನಟ್ಟಿಲಿಕ್ ಮಾತಿನಲ್ಲಿ ನೆರೆಯವರ ‘ಸ’ಕಾರಕ್ಕೆ ಬದಲಾಗಿ ‘ಹ’ಕಾರವಿದೆ, ‘ಶ್ರ’ಕ್ಕೆ ಹತ್ತಿರದ ಇನ್ನೊಂದು ಧ್ವನಿಯೂ ಇದೆ. ಎರಡು ವ್ಯಂಜನ, ಮೂರು ಸ್ವರ, ಹ್ರಸ್ವ–ದೀರ್ಘ ಎಂದರೆ ಲೆಕ್ಕ 12. ಇಡೀ ಲಿಪಿಗೆ ‘ಏಕೀಕೃತ’ ಎಂಬ ಹೆಸರಿಟ್ಟ ಮೇಲೂ ಈ 12 ಹೊರಗುಳಿದದ್ದು ನನಗೆ ತಾಂತ್ರಿಕ ಕೊರತೆಯಾಗಿ ಕಾಣುವುದಿಲ್ಲ, ಯಾರನ್ನು ಕೇಳಿದರು ಎಂಬ ಪ್ರಶ್ನೆಯಾಗಿ ಕಾಣುತ್ತದೆ. ಕೊನೆಗೆ ಸಮುದಾಯದ ಭಾಷಾ ಹಿರಿಯರೂ ಅಕ್ಷರ ವಿನ್ಯಾಸಕರೂ ಜೊತೆ ಕೂತು ಪ್ರಸ್ತಾವ ಸಿದ್ಧಪಡಿಸಬೇಕಾಯಿತು.

ಯೂನಿಕೋಡ್‌ನಲ್ಲಿ ಒಮ್ಮೆ ಕೊಟ್ಟ ಸಂಕೇತವನ್ನು ಕದಲಿಸುವಂತಿಲ್ಲ. ಮೂಲ ಕೋಷ್ಟಕ ಆ ಹೊತ್ತಿಗೆ ತುಂಬಿತ್ತು. ಹಾಗಾಗಿ ಹೊಸ ಅಕ್ಷರಗಳಿಗೆ ದೂರದಲ್ಲಿ ಬೇರೆಯೇ ವಿಭಾಗ ಸಿಕ್ಕಿದೆ. ಅವನ್ನು ಬಲ್ಲ ಫಾಂಟ್, ಕೀಲಿಮಣೆಗಳು ಒಂದೊಂದೇ ಸಾಧನಕ್ಕೆ ತಲುಪಬೇಕು. ಇತ್ತ 2019ರಲ್ಲೇ ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಘಟನೆ ಎಲ್ಲ ಪ್ರದೇಶಗಳಿಗೂ ಸಲ್ಲುವ ಒಂದು ರೋಮನ್ ಬರವಣಿಗೆ ಕ್ರಮವನ್ನು ಒಪ್ಪಿಕೊಂಡಿದೆ. ಸಿಲೆಬಿಕ್ಸ್ ಬಿಡಬೇಕೆಂದು ಅದು ಹೇಳಿಲ್ಲ. ಆದರೆ ಶಾಲೆಯ ಪಠ್ಯಗಳು ಮುಂದೆ ಯಾವ ಲಿಪಿಯಲ್ಲಿ ಬರಬೇಕೆಂಬ ಚರ್ಚೆ ಶುರುವಾಗಿದ್ದು ಈ 12 ಅಕ್ಷರಗಳು ಇನ್ನೂ ಯೂನಿಕೋಡ್‌ನ ಹೊರಗಿದ್ದಾಗ.